ಮೋಡದೊಳಗೆ ನಿಲ್ಲುವ ಕ್ಯಾಮೆರಾ

ನಾನು ಬೆಟ್ಟ ಹತ್ತಿದವನಲ್ಲ. ನಕ್ಷೆ ಕಚೇರಿಯಲ್ಲಿ ಕೂತು ಬೆಟ್ಟಗಳ ಎತ್ತರವನ್ನು ಕಪ್ಪು ಶಾಯಿಯಲ್ಲಿ ಬರೆಯುತ್ತ ತಲೆಗೂದಲು ಬಿಳಿ ಮಾಡಿಕೊಂಡವನು. ಯಾವ ಶಿಖರ ಎಷ್ಟು ಅಡಿ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಿಯೇನು. ಅಳತೆ ಸಿಗದ ಶಿಖರವಾದರೆ ಅದರ ಹೆಸರಿನ ಮುಂದೆ ಒಂದು ಚುಕ್ಕೆ ಇಟ್ಟು ಜಾಗ ಖಾಲಿ ಬಿಡುವುದು ನಮ್ಮ ಕಚೇರಿಯ ಪದ್ಧತಿ. ಆ ಚುಕ್ಕೆಗಳನ್ನೂ ನಾನೇ ಇಟ್ಟಿದ್ದೇನೆ. ಆದರೆ ಮನೆಯ ಅಟ್ಟ ಹತ್ತಬೇಕಾದರೆ ಇಂದಿಗೂ ಕೆಳಗೆ ಒಬ್ಬರು ಏಣಿ ಹಿಡಿದಿರಬೇಕು. ಇಂಥ ನನ್ನನ್ನು ನಮ್ಮ ಬೀದಿಯವರೆಲ್ಲ ಸೇರಿ ಹಿಮಬೆಟ್ಟಕ್ಕೆ ಬೀಳ್ಕೊಡಲು ಬಂದರು ಎಂದರೆ ನಂಬುವವರು ಕಡಿಮೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ಹೆಂಡತಿ ಲಾಂಡ್ರಿ ನಡೆಸುತ್ತಿದ್ದಳು. ಮನೆಯ ಹಿಂದಿನ ಓಣಿಯಲ್ಲಿ ತಗಡಿನ ಮಾಡಿನ ಉದ್ದನೆಯ ಕೋಣೆ. ಒಂದು ತುದಿಗೆ ಬಾಯ್ಲರ್, ಇನ್ನೊಂದು ತುದಿಗೆ ಹಬೆಯ ಇಸ್ತ್ರಿ ಯಂತ್ರ. ಆಸ್ಪತ್ರೆಯ ಹೊದಿಕೆಗಳು, ಹೋಟೆಲಿನ ಮೇಜುಬಟ್ಟೆಗಳು, ಬೀದಿಯವರ ಅಂಗಿ, ಪ್ಯಾಂಟುಗಳು, ಎಲ್ಲವೂ ಅಲ್ಲಿ ಮಾನ ಪಡೆದು ಹೊರಬರುತ್ತಿದ್ದವು. ಬೆಳಗಿನ ಜಾವ ಅವಳು ಬಾಯ್ಲರಿಗೆ ಬೆಂಕಿ ಹಚ್ಚುವ ಹೊತ್ತಿಗೆ ನಾನು ದೇವರಿಗೆ ದೀಪ ಹಚ್ಚುತ್ತಿದ್ದೆ. ಎರಡೂ ಅವನಿಗೇ ಸೇರುತ್ತವೆ ಎಂದು ನಾನು ಹೇಳುವುದಿತ್ತು.

"ಸೇರುತ್ತೆ, ಸೇರುತ್ತೆ. ಆದ್ರೆ ಮನೆ ನಡೆಯೋದು ನನ್ನ ಬೆಂಕಿಯಿಂದ," ಎನ್ನುತ್ತಿದ್ದಳು.

ಇನ್ನೊಂದು ಮಾತೂ ಅವಳ ಬಾಯಲ್ಲಿ ಬರುತ್ತಿತ್ತು. ರಾತ್ರಿ ಕೊಳವೆಗಳಲ್ಲಿ ನಿಂತ ನೀರನ್ನು ಹೊರದೂಡಲು ಬೆಳಿಗ್ಗೆ ಒಮ್ಮೆ ವಾಲ್ವನ್ನು ಪೂರ್ತಿ ತೆರೆಯುತ್ತಾರೆ. ಆಗ ಕೋಣೆಯೆಲ್ಲ ಹಬೆ. ಸರಿಯಾಗಿ ಆ ಹೊತ್ತಿಗೆ ಮಾಡಿನ ಬೆಳಕಿಂಡಿಯಿಂದ ಬಿಸಿಲು ಇಳಿಯುತ್ತದೆ. "ಒಂದು ದಿನ ಬಂದು ನೋಡಿ," ಎನ್ನುತ್ತಿದ್ದಳು. "ದೇವರು ನಿಮ್ಮ ಹತ್ರ ಬರೋ ಮುಂಚೆ ನಮ್ಮಲ್ಲಿಗೆ ಬಂದು ಕೈಕಾಲು ತೊಳ್ಕೊಂಡು ಹೋಗ್ತಾನೆ."

ನಾನು ನಕ್ಕು ಸುಮ್ಮನಾಗುತ್ತಿದ್ದೆ. ದೇವರು ಬರುವ ಹೊತ್ತಿಗೆ ನಾನು ಜಾಗ ಬಿಟ್ಟು ಏಳುವುದು ಹೇಗೆ?

ಅವಳು ಹೋಗಿ ವರ್ಷವಾಯಿತು. ಅವಳು ಹೋದ ಮೇಲೆ ದೇವರ ಮುಂದೆ ಕೂತರೆ ನನಗೆ ಮಾತು ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ದೀಪದ ಬತ್ತಿಯನ್ನು ಅರ್ಧ ಹೊಸೆದು ಅಲ್ಲೇ ಇಟ್ಟು ಓಣಿಗೆ ನಡೆದೆ. ಮಗಳು ವಾಲ್ವ್ ತೆರೆದಳು. ಬೆಳ್ಳಗಿನ ಹಬೆ ನೆಲದಿಂದ ಮಾಡಿನವರೆಗೆ ಎದ್ದಿತು. ಮೇಲಿಂದ ಬಿಸಿಲಿನ ಕಂಬವೊಂದು ಇಳಿದು ಇಸ್ತ್ರಿ ಯಂತ್ರದ ಮುಂದಿನ ಕಲ್ಲಿನ ಮೇಲೆ ನಿಂತಿತು. ಅದು ನನ್ನ ಹೆಂಡತಿ ನಿಲ್ಲುತ್ತಿದ್ದ ಕಲ್ಲು. ಅವಳ ಪಾದಗಳು ಅದನ್ನು ಎರಡು ಕಡೆ ಸವೆಸಿವೆ. ನಾನು ಬಾಗಿಲಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ಬಿಸಿಲು ಸರಿಯಿತು, ಹಬೆ ಇಳಿಯಿತು, ಆಸ್ಪತ್ರೆಯ ಹೊದಿಕೆಗಳು ಮಾತ್ರ ಉಳಿದವು.

ಅದಾದ ಮೇಲೆ ಬಾಯ್ಲರ್ ಇನ್‌ಸ್ಪೆಕ್ಟರು ಬಂದರು. ಸಣ್ಣ ಸುತ್ತಿಗೆಯಿಂದ ಬಾಯ್ಲರಿನ ಹೊಟ್ಟೆ ಬೆನ್ನು ತಟ್ಟಿ, ಕಿವಿಯಿಟ್ಟು ಕೇಳಿ, ನನ್ನ ಕಡೆ ಒಮ್ಮೆ, ಬಾಯ್ಲರಿನ ಕಡೆ ಒಮ್ಮೆ ನೋಡಿ, "ವಯಸ್ಸಾಯ್ತು," ಎಂದರು. ಯಾರಿಗೆ ಎಂದು ಕೇಳುವ ಧೈರ್ಯವಾಗಲಿಲ್ಲ. "ತಿಂಗಳ ಕೊನೇ ದಿನ ಬೆಳಿಗ್ಗೆ ನಾನೇ ಬಂದು ಬೆಂಕಿ ಆರಿಸಿ ಮೊಹರು ಹಾಕ್ತೀನಿ. ಆಮೇಲೆ ಒಂದು ಕಡ್ಡಿನೂ ಗೀರೋ ಹಾಗಿಲ್ಲ."

ಮಗಳು ವಿದ್ಯುತ್ ಯಂತ್ರಗಳಿಗೆ ಹೇಳಿಟ್ಟಳು. ಅವುಗಳಿಗೆ ಗಾಳಿಯ ಕೊಳವೆ ಬೇಕು, ಆ ಕೊಳವೆ ಬೆಳಕಿಂಡಿಯಲ್ಲಿ ಹೊರಹೋಗಬೇಕು. ಹಬೆಯೂ ಇಲ್ಲ, ಬಿಸಿಲೂ ಇಲ್ಲ. ಅಮ್ಮನ ಬಾಯ್ಲರ್ ತೆಗೆಸುತ್ತಿದ್ದೇನೆಂದು ಅವಳು ಆಗಲೇ ಊಟ ಕಡಿಮೆ ಮಾಡಿದ್ದಳು. ಈಗ ನಾನು ಹೋಗಿ "ಆ ಬೆಳಕು ನನಗೆ ಬೇಕಿತ್ತು" ಎಂದರೆ ಅಂಗೈ ಹುಣ್ಣಿಗೆ ಉಪ್ಪು ತಿಕ್ಕಿದ ಹಾಗೆ. ಅದಕ್ಕೇ ಯಾರಿಗೂ ಹೇಳದೆ ಆ ಬೆಳಕಿನ ಒಂದು ಚಿತ್ರ ತೆಗೆದಿಟ್ಟುಕೊಳ್ಳಬೇಕು ಎಂದು ನಿಶ್ಚಯಿಸಿದೆ. ಮೊದಲು ಮೊಬೈಲಿನಲ್ಲಿ ತೆಗೆದು ನೋಡಿದೆ. ಚಿತ್ರ ಹಾಲಿನ ಲೋಟದ ಒಳಗನ್ನು ತೆಗೆದಂತೆ ಬಂತು. ಆಮೇಲೆ ಹಬೆ ಮೊಬೈಲಿನ ಒಳಗೂ ಹೋಗಿ, ಅದು ಒಂದು ಸಲ ನಡುಗಿ ಕಣ್ಣು ಮುಚ್ಚಿತು.

ಹೀಗೆ ನಾನು ಕ್ಯಾಮೆರಾ ಅಂಗಡಿಗೆ ಹೋದೆ.

ಅಂಗಡಿ ಹೊಸದು, ಅಂಗಡಿಯವನು ಈ ಊರಿಗೇ ಹೊಸಬ. ಮೈಯೆಲ್ಲ ಜೇಬಿರುವ ಅಂಗಿ ತೊಟ್ಟಿದ್ದ. ಅವನ ಹಿಂದೆ ಗೋಡೆಯಗಲದ ಹಿಮಬೆಟ್ಟದ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ ಅದರ ಎತ್ತರ. ಅಡಿ ಲೆಕ್ಕ ಒಂದಿಷ್ಟು ತಪ್ಪಿತ್ತು. ನಾನು ಸಹಿಸಿಕೊಂಡೆ.

"ಎಂಥ ಜಾಗಕ್ಕೆ ಬೇಕು ಸರ್ ಕ್ಯಾಮೆರಾ?"

"ಕಷ್ಟದ ಜಾಗ. ನೀರಿರುತ್ತೆ."

"ಮೇಲಿಂದ ಬೀಳೋ ನೀರಾ, ಪಕ್ಕದಿಂದ ಹೊಡೆಯೋ ನೀರಾ?"

"ಎಲ್ಲಾ ಕಡೆಯಿಂದ."

"ಧೂಳು?"

ಲಾಂಡ್ರಿಯಲ್ಲಿ ಹಾರುವ ಹತ್ತಿಯ ಎಳೆ ನೆನಪಾಯಿತು. "ಬೆಳ್ಳಗಿರುತ್ತೆ. ಗಾಳೀಲಿ ತೇಲ್ತಾ ಇರುತ್ತೆ. ತಲೆ ಮೇಲೆ, ರೆಪ್ಪೆ ಮೇಲೆ ಕೂರುತ್ತೆ."

ಅವನು ಸ್ಟೂಲಿನಿಂದ ಎದ್ದು ನಿಂತ. "ಅಲ್ಲಿ ಕಣ್ಣಿಗೆ ಏನು ಕಾಣುತ್ತೆ ಸರ್?"

"ಮೊದಲು ಏನೂ ಕಾಣಲ್ಲಪ್ಪ. ಮೋಡದೊಳಗೆ ನಿಂತ ಹಾಗೆ. ಆಮೇಲೆ ಬಿಸಿಲು ಇಳಿಯುತ್ತೆ. ಅದು ಹೋಗೋದ್ರೊಳಗೆ ತೆಗೀಬೇಕು."

"ಎಷ್ಟು ಎತ್ತರ ಅದು?"

'ನಮ್ಮ ಮನೆಯ ಹಿಂದಿನ ಓಣಿ' ಎಂದುಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಎದುರಿಗೆ ಆ ಬೆಟ್ಟ, ಆ ಜೇಬುಗಳು, ಅವನ ಮುಖದಲ್ಲಿ ನನ್ನ ಬಗ್ಗೆ ಆಗ ತಾನೇ ಹುಟ್ಟಿದ ಗೌರವ. ಲಾಂಡ್ರಿ ಎನ್ನಲು ನಾಲಿಗೆ ಏಳಲಿಲ್ಲ. ಇಷ್ಟು ವರ್ಷ ಎತ್ತರ ಬರೆದ ಕೈಗೆ ಬದಲು ಬಾಯಿ ಕೆಲಸ ಮಾಡಿತು. "ಹದಿನಾಲ್ಕು ಸಾವಿರದ ಇನ್ನೂರು ಅಡಿ," ಎಂದೆ.

ಇದು ಸುಳ್ಳಲ್ಲ. ಆ ಎತ್ತರದ ಶಿಖರ ಒಂದಿದೆ; ನಾನೇ ಬರೆದದ್ದು. ನಾನು ಅಲ್ಲಿಗೆ ಹೋಗುತ್ತೇನೆ ಎಂದು ಹೇಳಲಿಲ್ಲ, ಅಷ್ಟೆ. ಅಂದು ಸಂಜೆ ದೇವರ ಮುಂದೆಯೂ ಈ ವಾದ ಮಂಡಿಸಿದೆ. ದೇವರು ಏನೂ ಹೇಳಲಿಲ್ಲ. ಅವನು ಒಪ್ಪದಿದ್ದಾಗಲೂ ಹಾಗೆಯೇ ಇರುತ್ತಾನೆ.

ಅಂಗಡಿಯವನು ಭಕ್ತಿಯಿಂದ ಒಂದು ಕಪ್ಪು ಕ್ಯಾಮೆರಾ ತೆಗೆದು ಗಾಜಿನ ಮೇಲಿಟ್ಟ. "ಇದರ ಒಂದೊಂದು ಗುಂಡಿ ಕೆಳಗೂ ರಬ್ಬರ್ ಇದೆ ಸರ್. ಕುಕ್ಕರಿಗೆ ಗ್ಯಾಸ್ಕೆಟ್ ಇರುತ್ತಲ್ಲ, ಹಾಗೆ. ನೀರು, ಧೂಳು ಒಳಗೆ ಹೋಗಲ್ಲ."

ಕುಕ್ಕರ್ ನನಗೆ ಅರ್ಥವಾಯಿತು. ಪಕ್ಕದಲ್ಲಿದ್ದ ಅಗ್ಗದ ಲೆನ್ಸ್ ತೋರಿಸಿ, "ಇದನ್ನೇ ಹಾಕಿಕೊಡಪ್ಪ," ಎಂದೆ.

ಅವನು ಹೌಹಾರಿದ. "ಅದಕ್ಕೆ ರಬ್ಬರ್ ಇಲ್ಲ! ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆಗೆದಿಟ್ಟ ಹಾಗೆ. ಕ್ಯಾಮೆರಾಕ್ಕೂ ಇರಬೇಕು, ಲೆನ್ಸಿಗೂ ಇರಬೇಕು, ಎರಡೂ ಕೂಡೋ ಕಡೆ ಒಂದು ಉಂಗುರ ಇರಬೇಕು. ಮತ್ತೆ, ಉದ್ದ ಗಿಡ್ಡ ಆಗೋ ಲೆನ್ಸ್ ನಿಮಗೆ ಬೇಡ. ಅದು ಚಾಚಿದಾಗೆಲ್ಲ ಗಾಳಿ ಎಳ್ಕೊಳುತ್ತೆ, ಗಾಳಿ ಜೊತೆ ತೇವಾನೂ ಬರುತ್ತೆ. ಇದ್ದಲ್ಲೇ ಇರೋ ಲೆನ್ಸ್ ತಗೊಳ್ಳಿ. ದೂರ ಬೇಕಾದ್ರೆ ನೀವೇ ಹಿಂದೆ ಸರಿಬೇಕು, ಹತ್ರ ಬೇಕಾದ್ರೆ ನೀವೇ ಮುಂದೆ ಹೋಗಬೇಕು."

"ಹಿಂದೆ ಸರಿಯೋಕೆ ಜಾಗ ಕಡಿಮೆ," ಎಂದೆ. ನನ್ನ ಮನಸ್ಸಿನಲ್ಲಿದ್ದುದು ಹೊದಿಕೆಗಳ ಗಂಟು. ಅವನ ಮನಸ್ಸಿನಲ್ಲಿದ್ದುದು ಪ್ರಪಾತ.

"ಇನ್ನೊಂದು ಮಾತು ಸರ್. ಕ್ಯಾಮೆರಾ ತಣ್ಣಗಿರುವಾಗ ಬಿಸಿ ಜಾಗಕ್ಕೆ ಒಮ್ಮೆಲೇ ಒಯ್ಯಬೇಡಿ. ಗಾಜಿನ ಮೇಲೆ ಮಂಜು ಕೂರುತ್ತೆ. ಅದನ್ನ ಯಾವ ರಬ್ಬರೂ ತಡೆಯಲ್ಲ."

"ನಾನು ಹೋಗೋ ಕಡೆ ಚಳಿಯೇ ಇಲ್ಲಪ್ಪ."

ಧೀರರು ಹೀಗೆಯೇ ತಮಾಷೆ ಮಾಡುತ್ತಾರೆ ಎಂಬಂತೆ ಅವನು ತಲೆದೂಗಿದ. "ಎರಡು ವರ್ಷ ಗ್ಯಾರಂಟಿ ಇದೆ."

"ಎರಡು ವರ್ಷ ಕಟ್ಟಿಕೊಂಡು ಏನು ಮಾಡಲಿ? ನನಗೆ ಒಂದು ಬೆಳಿಗ್ಗೆ ಸಾಕು. ಆಮೇಲೆ ಏನಾದರೂ ಚಿಂತೆಯಿಲ್ಲ."

ಅವನ ಕೈ ನಿಂತಿತು. "ಮನೇಲಿ... ಯಾರಿದ್ದಾರೆ ಸರ್?"

"ಹೆಂಡತಿ ಹೋಗಿ ವರ್ಷವಾಯ್ತು. ಬನ್ನಿ ಬನ್ನಿ ಅಂತ ಕರೀತಾನೇ ಇದ್ದಳು. ನಾನೇ ಹೋಗಿರಲಿಲ್ಲ. ಈಗ ಹೊರಟಿದ್ದೀನಿ."

ನಿಜವನ್ನು ಇಷ್ಟು ನಿಖರವಾಗಿ ಹೇಳಿ ಇಷ್ಟು ಪೂರ್ತಿಯಾಗಿ ದಾರಿ ತಪ್ಪಿಸಿದವರು ಬೇರೆ ಯಾರೂ ಇರಲಿಕ್ಕಿಲ್ಲ. ಅವನು ನನಗೆ ಕುಡಿಯಲು ನೀರು ಕೊಟ್ಟ. ಆ ಲೆನ್ಸ್ ತರಿಸಬೇಕು, ಬಂದ ತಕ್ಷಣ ತಿಳಿಸುತ್ತೇನೆ ಎಂದು ಮನೆಯ ಫೋನ್ ನಂಬರ್ ಕೇಳಿ ಪಡೆದ. ಬಾಗಿಲವರೆಗೂ ಬಂದು ನನ್ನ ಕೈ ಹಿಡಿದು, "ಯೋಚನೆ ಮಾಡಿ ಸರ್," ಎಂದ. ಕ್ಯಾಮೆರಾ ಕೊಂಡವನಿಗೆ ಅಂಗಡಿಯವನೇ ಯೋಚನೆ ಮಾಡಿ ಎಂದದ್ದು ನನಗೆ ಹಿಡಿಸಿತು. ಪ್ರಾಮಾಣಿಕ ಮನುಷ್ಯ ಎಂದುಕೊಂಡೆ.

ಫೋನು ಬಂದಾಗ ನಾನು ಸ್ನಾನಕ್ಕೆ ಹೋಗಿದ್ದೆ. ಎತ್ತಿಕೊಂಡವಳು ನಾದಿನಿ. ಅವಳು ನನ್ನ ಹೆಂಡತಿಯ ತಂಗಿ, ಪಕ್ಕದ ಬೀದಿಯಲ್ಲಿ ಮನೆ. ಅಕ್ಕ ಹೋದಂದಿನಿಂದ ನನ್ನ ಊಟ, ಔಷಧಿ, ಉಗುರು ಕತ್ತರಿಸುವ ದಿನ, ಎಲ್ಲದರ ಅಧಿಕಾರ ಅವಳ ಕೈಯಲ್ಲಿತ್ತು. ನಾನು ತಲೆ ಒರೆಸಿಕೊಳ್ಳುತ್ತ ಬಂದಾಗ ಅವಳು ಫೋನಿನ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು.

"ಲೆನ್ಸ್ ಬಂದಿದೆಯಂತೆ," ಎಂದಳು. ಅಡುಗೆಮನೆ ಕಡೆ ಹೊರಟವಳು ತಿರುಗಿ, "ಭಾವ, ಹಾಲಿಗೆ ಸಕ್ಕರೆ ಹಾಕಲಾ?"

ನನ್ನ ಹಾಲಿಗೆ ಸಕ್ಕರೆ ಬಿದ್ದು ಎಷ್ಟೋ ಕಾಲವಾಗಿತ್ತು. ಕೇಳಿದರೆ ಗುಡುಗುತ್ತಿದ್ದವಳು ತಾನಾಗಿ ಎರಡು ಚಮಚ ಹಾಕಿದಳು. ದೇವರ ದಯೆ ಎಂದು ಕುಡಿದೆ.

ಅಂದಿನಿಂದ ದೇವರ ದಯೆ ಸುರಿಯತೊಡಗಿತು. ಮಾಳಿಗೆಯಲ್ಲಿ ಇರುವವರು ಹವಾಮಾನ ಇಲಾಖೆಯಿಂದ ನಿವೃತ್ತರಾದವರು. ನಾವು ಅವರನ್ನು ಹವಾಮಾನದವರು ಎಂದೇ ಕರೆಯುತ್ತೇವೆ. ನೀರಿನ ಮೋಟಾರು ಯಾವಾಗ ಹಾಕಬೇಕು ಎಂಬುದರ ಮೇಲೆ ಅವರಿಗೂ ನನಗೂ ಬಹುಕಾಲದ ವ್ಯಾಜ್ಯ. ಅವರೇ ಕೆಳಗಿಳಿದು ಬಂದು, "ಮೋಟಾರು ನಿಮಗೆ ಬೇಕಾದಾಗ ಹಾಕ್ಕೊಳ್ಳಿ. ನೀರು ಯಾರಪ್ಪನ ಮನೇದು?" ಎಂದರು. ಆಮೇಲೆ ಕೂತು, ಎತ್ತರದಲ್ಲಿ ಗಾಳಿ ತೆಳುವಾಗುವುದನ್ನೂ ಮನುಷ್ಯನ ಬುದ್ಧಿ ಮಂಕಾಗುವುದನ್ನೂ ವಿವರಿಸಿದರು. ಅವರ ಮನೆ ನಮ್ಮದಕ್ಕಿಂತ ಎತ್ತರದಲ್ಲಿರುವುದರಿಂದ ಸ್ವಂತ ಕಷ್ಟ ಹೇಳಿಕೊಳ್ಳುತ್ತಿದ್ದಾರೆ ಎಂದು ತಿಳಿದು ಸಮಾಧಾನ ಹೇಳಿದೆ.

ಎದುರಿಗೆ ಸಿಕ್ಕಿದ್ದಾರಲ್ಲ ಎಂದು ಕೇಳಿದೆ: "ಅಂದ ಹಾಗೆ, ಕೊನೇ ದಿನ ಬೆಳಿಗ್ಗೆ ಹವಾ ಹೇಗಿರುತ್ತೆ?"

"ಕೊನೇ ದಿನ," ಎಂದು ಅವರು ನಿಧಾನವಾಗಿ ಹೇಳಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ದಟ್ಟ ಮೋಡ. ಬಿಸಿಲು ಕಾಣೋ ಆಸೆಯೇ ಇಲ್ಲ. ಚಳಿ ಮಾತ್ರ ಕಡಿಮೆ ಇರುತ್ತೆ."

ನನ್ನ ಮನಸ್ಸು ಹಗುರವಾಯಿತು. ಹವಾಮಾನದವರು ಹೇಳಿದ್ದರ ತಿರುವುಮುರುವೇ ಆಗುತ್ತದೆ ಎಂಬುದು ನಮ್ಮ ಬೀದಿಯ ಮಕ್ಕಳಿಗೂ ಗೊತ್ತು. ಅವರು ಮಳೆ ಎಂದರೆ ಹೆಂಗಸರು ಹಪ್ಪಳ ಒಣಗಿಸುತ್ತಾರೆ. ಅಂದರೆ ಆ ಬೆಳಿಗ್ಗೆ ಬಿಸಿಲು ಖಂಡಿತ. "ಬಹಳ ಸಂತೋಷ! ನನಗೆ ಬೇಕಾಗಿದ್ದೂ ಅದೇ," ಎಂದು ನಕ್ಕುಬಿಟ್ಟೆ.

ಸಾವನ್ನು ನಗುತ್ತ ಎದುರಿಸುವವನನ್ನು ಅವರು ಅದುವರೆಗೆ ಕಂಡಿರಲಿಲ್ಲವಂತೆ. ಇದನ್ನು ಅವರು ಆಮೇಲೆ ನನಗೇ ಹೇಳಿದರು, ಸ್ವಲ್ಪ ಕೋಪದಿಂದ.

ನಾನು ಹೋಗಿ ಲೆನ್ಸ್ ತಂದೆ. ಕ್ಯಾಮೆರಾಕ್ಕೆ ಸೇರಿಸಿ ಮೇಜಿನ ಮೇಲಿಟ್ಟು, ಮಗಳಿಗೆ ಕಾಣದಂತೆ ಒಂದು ಟವೆಲು ಹೊದಿಸಿದೆ. ಕಾಣಬಾರದ ವಸ್ತುವಿನ ಮೇಲೆ ಟವೆಲು ಹೊದಿಸಿದರೆ ಬಂದವರೆಲ್ಲ ಮೊದಲು ನೋಡುವುದು ಅದನ್ನೇ ಎಂಬ ಜ್ಞಾನ ಆಗ ನನಗಿರಲಿಲ್ಲ.

ಕೊನೆಯ ದಿನದ ಹಿಂದಿನ ಸಂಜೆ ಮಗಳು ಲಾಂಡ್ರಿಯಿಂದ ಬಂದಳು. ತೋಳಿನ ತುಂಬ ಉಣ್ಣೆಯ ಬಟ್ಟೆ: ಸ್ವೆಟರುಗಳು, ಕಿವಿ ಮುಚ್ಚುವ ಟೋಪಿಗಳು, ಕೈಗವಸುಗಳು. ತಂದು ನನ್ನ ಮುಂದೆ ಸುರಿದಳು.

"ಈ ವಾರ ಬೀದಿಯವರೆಲ್ಲ ಸ್ವೆಟರ್ ತಂದು ಹಾಕಿದ್ರು. ಬೇಗ ತೊಳೆದುಕೊಡು ಅಂದ್ರು. ಯಾರಿಗೆ ಅಂದ್ರೆ ಮಾತು ತೇಲಿಸ್ತಿದ್ರು. ಇವತ್ತು ಮಡಚುವಾಗ ನೋಡ್ತೀನಿ, ಎಲ್ಲಾ ನಿಮ್ಮ ಅಳತೆ."

"ನನಗ್ಯಾಕಮ್ಮ ಇಷ್ಟೊಂದು?"

"ನಾಟಕ ಸಾಕಪ್ಪ. ಚಿಕ್ಕಮ್ಮ ಎಲ್ಲಾ ಹೇಳಿದ್ರು. ಬೆಟ್ಟಕ್ಕೆ ಹೋಗ್ತಿದ್ದೀರಂತೆ. ವಾಪಸ್ ಬರಲ್ವಂತೆ. ಅಮ್ಮ ಕರೀತಿದ್ದಾಳಂತೆ!"

ನಾನು ಬಾಯಿ ತೆರೆದೆ. ಅವಳು ಬಿಡಲಿಲ್ಲ.

"ಬಾಯ್ಲರ್ ತೆಗೆಸ್ತಿದ್ದೀನಿ ಅಂತ ತಾನೇ? ಬಾಯಿಬಿಟ್ಟು ಹೇಳಬಾರದಿತ್ತಾ? ನೀವು ಆಗಲಮ್ಮ ಆಗಲಮ್ಮ ಅಂದ್ರಿ, ನಾನು ನಂಬಿದೆ. ಹೊಸ ಯಂತ್ರ ಬೇಡ ಅಂತೀನಿ. ಇನ್‌ಸ್ಪೆಕ್ಟರ ಕಾಲು ಬೇಕಾದ್ರೂ ಹಿಡೀತೀನಿ. ಅದು ಸಿಡಿದ್ರೂ ಸರಿ, ಇಬ್ಬರೂ ಅಲ್ಲೇ ಸಾಯೋಣ. ನೀವು ಮಾತ್ರ ಹೋಗಬೇಡಿ."

ಅವಳು ಒಂದು ಸ್ವೆಟರನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದಳು. ಆ ಕೈಗಳನ್ನು ನೋಡಿದ ಮೇಲೆ ಎತ್ತರ, ಗೌರವ ಯಾವುದೂ ಉಳಿಯಲಿಲ್ಲ. ಎಲ್ಲವನ್ನೂ ಹೇಳಿದೆ. ಅರ್ಧ ಹೊಸೆದ ಬತ್ತಿ, ಹಬೆ, ಬಿಸಿಲಿನ ಕಂಬ, ಸವೆದ ಕಲ್ಲು, ಅಂಗಡಿಯವನ ಜೇಬುಗಳು, ಹದಿನಾಲ್ಕು ಸಾವಿರದ ಇನ್ನೂರು ಅಡಿ.

ಅವಳು ಸ್ವೆಟರುಗಳ ರಾಶಿಯ ಮೇಲೆ ಕೂತು ನಕ್ಕಳು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೆಂದು ಹೇಳುವುದು ಕಷ್ಟ. ಆಮೇಲೆ ಮೂಗು ಒರೆಸಿಕೊಂಡು, "ಹೌದಾ ಅಪ್ಪ? ಅಷ್ಟು ಚೆನ್ನಾಗಿರುತ್ತಾ?" ಎಂದಳು.

"ನೀನು ದಿನಾ ಅದರೊಳಗೇ ಇರ್ತೀಯಲ್ಲೇ!"

"ನಾನು ಒತ್ತಡದ ಮುಳ್ಳು ನೋಡ್ತಾ ಇರ್ತೀನಿ. ಹಬೆ ಬಿಡುವಾಗ ಬೇರೆ ಕಡೆ ಕಣ್ಣು ತಿರುಗಿಸಿದ್ರೆ ಅಮ್ಮ ಬೈತಿದ್ಲು. ನನಗೆ ಬಿಸಿಲು ಬೆನ್ನ ಮೇಲೆ ಬಿಸಿಯಾಗೋದು ಮಾತ್ರ ಗೊತ್ತು."

ಅಲ್ಲಿಗೆ ಆ ಚಿತ್ರ ನನ್ನೊಬ್ಬನದಾಗಿ ಉಳಿಯಲಿಲ್ಲ. ತನ್ನ ತಾಯಿ ನಿಂತ ಬೆಳಕನ್ನು ಈ ಹುಡುಗಿಯೂ ಒಮ್ಮೆ ನೋಡಬೇಕಲ್ಲ. ಮಾರನೆಯ ಬೆಳಿಗ್ಗೆ ಬಿಟ್ಟರೆ ಬೇರೆ ಬೆಳಿಗ್ಗೆ ಇರಲಿಲ್ಲ.

ಬೆಳಿಗ್ಗೆ ದೀಪ ಹಚ್ಚಿ ಕೈಮುಗಿದು ಮೇಜಿನ ಬಳಿ ಬಂದೆ. ಟವೆಲು ಇತ್ತು, ಕೆಳಗೆ ಕ್ಯಾಮೆರಾ ಇರಲಿಲ್ಲ. ಮಗಳು ಬಾಯ್ಲರಿಗೆ ಬೆಂಕಿ ಹಚ್ಚಲು ಆಗಲೇ ಹೋಗಿದ್ದಳು. ಹಾಸಿಗೆ ಕೆಳಗೆ, ಬೀರುವಿನ ಮೇಲೆ, ದೇವರ ಹಿಂದೆ, ಎಲ್ಲ ಕಡೆ ಹುಡುಕಿದೆ. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಇಡೀ ಬೀದಿ. ಹವಾಮಾನದವರು ಚಳಿ ಕಡಿಮೆ ಎಂದಿದ್ದರಿಂದ ಎಲ್ಲರೂ ಮುಂಜಾಗ್ರತೆಯಾಗಿ ತಲೆಗೆ ಉಣ್ಣೆಟೋಪಿ ಎಳೆದುಕೊಂಡು, ಕೋಟಿನ ಮೇಲೆ ಕೋಟು ತೊಟ್ಟು ಬಂದಿದ್ದರು. ಮುಂದೆ ನಾದಿನಿ, ಅತ್ತ ಕಣ್ಣು.

"ನನ್ನ ಕ್ಯಾಮೆರಾ ಎಲ್ಲಿ?" ಎಂದೆ.

"ಕಳೆದಿಲ್ಲ ಭಾವ, ಜೋಪಾನವಾಗಿದೆ." ಅವಳು ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದಳು. ಟೊಮ್ಯಾಟೊಗಳಿಗೂ ನನ್ನ ಕಣ್ಣಿನ ಔಷಧಿಗೂ ನಡುವೆ ಕ್ಯಾಮೆರಾ ಕೂತಿತ್ತು. "ನೆನ್ನೆ ಸಂಜೆ ಹೋಗುವಾಗ ನಾನೇ ಇಟ್ಟೆ. ಅಲ್ಲಿನ ಚಳಿಗೆ ಈಗಿಂದಾನೇ ಅಭ್ಯಾಸ ಆಗಲಿ ಅಂತ ಹವಾಮಾನದವರು ಹೇಳಿದ್ರು."

"ಮುನ್ನೆಚ್ಚರಿಕೆ," ಎಂದರು ಹವಾಮಾನದವರು, ಎರಡು ಟೋಪಿಗಳ ಒಳಗಿಂದ.

ಬೈಯಲು ಸಮಯವಿರಲಿಲ್ಲ. ಕಿಟಕಿಯಲ್ಲಿ ಬಿಸಿಲು ಕಾಣುತ್ತಿತ್ತು. ಮಂಜುಗಡ್ಡೆಯಂಥ ಕ್ಯಾಮೆರಾ ಎದೆಗವಚಿಕೊಂಡು ಹಿಂಬಾಗಿಲಿನಿಂದ ಓಡಿದೆ.

"ಭಾವ, ಬಸ್ಸು ಆ ಕಡೆ ಅಲ್ವಾ!"

"ಲಾಂಡ್ರಿಗೆ!" ಎಂದು ಕೂಗಿದೆ.

"ಅಕ್ಕನ ಜಾಗಕ್ಕೆ ಕೊನೇ ಸಲ ಕೈಮುಗಿಯೋಕೆ," ಎಂದು ನಾದಿನಿ ಎಲ್ಲರಿಗೂ ಅರ್ಥ ಹೇಳಿದಳು. ಬೀದಿಯೆಲ್ಲ ಮೌನವಾಗಿ ನನ್ನ ಹಿಂದೆ ಬಂತು.

ಲಾಂಡ್ರಿಯಲ್ಲಿ ಇನ್‌ಸ್ಪೆಕ್ಟರು ಮೊಹರಿನ ಪೆಟ್ಟಿಗೆ ಹಿಡಿದು ನಿಂತಿದ್ದರು. ಅಷ್ಟು ಜನ ಟೋಪಿಯವರು ಒಳಗೆ ನುಗ್ಗಿದ್ದನ್ನು ಕಂಡು ಮುಷ್ಕರ ಎಂದುಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. "ನೋಡಿ, ನಾನು ನಿಯಮ ಪಾಲಿಸೋನು, ಅಷ್ಟೇ!"

"ಅಪ್ಪ, ಬಿಸಿಲು ಬರ್ತಿದೆ," ಎಂದು ಮಗಳು ವಾಲ್ವ್ ತೆರೆದಳು.

ಹಬೆ ಎದ್ದಿತು. ಬೆಳಕಿಂಡಿಯಿಂದ ಕಂಬ ಇಳಿಯಿತು. ಬೀದಿಯವರು ಸರಿದು ಕಲ್ಲಿನ ಆಚೆ ಗೋಡೆಗುಂಟ ಸಾಲಾಗಿ ನಿಂತರು. ನಾನು ಕ್ಯಾಮೆರಾ ಕಣ್ಣಿಗೆ ಹಿಡಿದೆ. ಏನೂ ಇಲ್ಲ. ಬಿಳಿ. ಒರೆಸಿದೆ; ಒರೆಸಿದ ಬೆರಳು ಹಿಂದೆ ಬರುವುದರೊಳಗೆ ಮತ್ತೆ ಬಿಳಿ. ಹೊರಗಿನ ನೀರನ್ನೆಲ್ಲ ತಡೆಯುವ ರಬ್ಬರುಗಳು ಒಳಗೆ ಫ್ರಿಜ್ಜಿನ ಚಳಿಯನ್ನೂ ಅಷ್ಟೇ ಜೋಪಾನವಾಗಿ ಕಾಯುತ್ತಿದ್ದವು.

"ಗಾಜು ತಣ್ಣಗಿದೆ, ಗಾಳಿ ಬಿಸಿಯಾಗಿದೆ," ಎಂದು ಹವಾಮಾನದವರು ಬೆವರು ಸುರಿಸುತ್ತ ಶುರುಮಾಡಿದರು. "ಇಂಥ ಸ್ಥಿತಿಯಲ್ಲಿ ಇಬ್ಬನಿ ಅನಿವಾರ್ಯ. ಇದನ್ನು ನಾನು ಮೊದಲೇ ಊಹಿಸಬಹುದಿತ್ತು."

"ಊಹಿಸಿದ್ದರೆ ಆಗ್ತಿರಲಿಲ್ಲ ಬಿಡಿ," ಎಂದಿತು ಹಬೆಯೊಳಗಿನಿಂದ ಯಾವುದೋ ದನಿ.

ಮಗಳು ಹೊದಿಕೆಯೊಂದನ್ನು ಇಸ್ತ್ರಿ ಯಂತ್ರದ ಕಾದ ಹಾಸಿನ ಮೇಲೆ ಎಸೆದು, ಮುಚ್ಚಿ, ತೆಗೆದು, ಆ ಬಿಸಿಬಟ್ಟೆಯಲ್ಲಿ ಕ್ಯಾಮೆರಾವನ್ನು ಕೂಸಿನಂತೆ ಸುತ್ತಿ ನನ್ನ ಕೈಗಿಟ್ಟಳು. ಅದು ಆರುವುದರೊಳಗೆ ಇನ್ನೊಂದು. ಮತ್ತೊಂದು. ಬಿಸಿಲಿನ ಕಂಬ ಕಲ್ಲಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯುತ್ತಿತ್ತು. ಹಬೆ ತೆಳುವಾಗಿ ಹೊದಿಕೆಗಳ ಗಂಟುಗಳು ಕಾಣತೊಡಗಿದವು.

"ಏನು ನಡೀತಿದೆ ಇಲ್ಲಿ?" ಎಂದರು ಇನ್‌ಸ್ಪೆಕ್ಟರು. "ಹೊತ್ತಾಯ್ತು. ಬೆಂಕಿ ಆರಿಸಬೇಕು."

ಮಗಳು ಅವರ ಕಡೆ ತಿರುಗಿ, "ನಮ್ಮಮ್ಮ ನಿಲ್ತಿದ್ದ ಜಾಗ ಸರ್. ಅಪ್ಪನಿಗೆ ಒಂದು ಫೋಟೋ ಬೇಕಂತೆ," ಎಂದಳು. ಅಷ್ಟೇ ಅಂದಳು.

ಇನ್‌ಸ್ಪೆಕ್ಟರು ಕೈಗಡಿಯಾರ ನೋಡಿದರು. ಕಿವಿಗೆ ಹಿಡಿದರು. "ಇದು ಸ್ವಲ್ಪ ಮುಂದೆ ಓಡುತ್ತೆ," ಎಂದರು. ಆಮೇಲೆ ತಾವೇ ಒತ್ತಡದ ಮುಳ್ಳಿನ ಮುಂದೆ ಹೋಗಿ ನಿಂತು, "ಮುಳ್ಳು ನಾನು ನೋಡ್ತೀನಿ. ನೀನು ಇನ್ನೊಂದು ಸಲ ಬಿಡಮ್ಮ," ಎಂದರು.

ಮಗಳು ಕೊನೆಯ ಹಬೆಯನ್ನು ಪೂರ್ತಿ ಬಿಟ್ಟಳು. ಬಿಟ್ಟು, ಮುಳ್ಳು ನೋಡುವ ಕೆಲಸ ತನ್ನದಲ್ಲವಾದ್ದರಿಂದ, ಮೊದಲ ಸಲ ಹಿಂದಕ್ಕೆ ತಿರುಗಿದಳು. ತಿರುಗಿ ಎರಡು ಹೆಜ್ಜೆ ನಡೆದು ಆ ಸವೆದ ಕಲ್ಲಿನ ಮೇಲೆ ನಿಂತು ಮುಖ ಮೇಲೆತ್ತಿದಳು. ನಾನು ಬಟ್ಟೆ ಬಿಚ್ಚಿದೆ. ಗಾಜು ಕಪ್ಪಗೆ, ಬೆಚ್ಚಗೆ, ಕಣ್ಣಿನ ಹಾಗೆ ಇತ್ತು. ಒತ್ತಿದೆ.

ಒಂದೇ ಸಲ ಒತ್ತಿದ್ದು. ಮತ್ತೆ ಒತ್ತಬೇಕು ಎನ್ನುವಷ್ಟರಲ್ಲಿ ಬಿಸಿಲು ಕಲ್ಲಿನಿಂದ ಇಳಿದು ಹೋಗಿತ್ತು.

ಇನ್‌ಸ್ಪೆಕ್ಟರು ಬೆಂಕಿ ಆರಿಸಿದರು. ಬಾಯ್ಲರ್ ದೀರ್ಘವಾಗಿ ಉಸಿರು ಬಿಟ್ಟು ಸುಮ್ಮನಾಯಿತು. ಆಗ ನಾದಿನಿ ಹಬೆಯಿಂದ ಹೊರಬಂದು ಕೇಳಿದಳು. "ಅಂದ್ರೆ ಭಾವ, ನೀವು ಬೆಟ್ಟಕ್ಕೆ ಹೋಗ್ತಿಲ್ವಾ?"

"ಯಾವ ಬೆಟ್ಟಕ್ಕೂ ಇಲ್ಲಮ್ಮ."

ಅವಳು ಅಲ್ಲೇ ಗಂಟಿನ ಮೇಲೆ ಕೂತು, ಅಕ್ಕ ಹೋದ ದಿನ ಅಳಲಾರದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತಳು. ಬೀದಿಯವರು ಸಂತೋಷಪಟ್ಟರು, ನಿಜ. ಆದರೆ ಬೀಳ್ಕೊಡಲು ಬಂದವರಿಗೆ, ಹೋಗದೆ ಉಳಿದವನ ಮೇಲೆ ಒಂದಿಷ್ಟು ಅಸಮಾಧಾನವೂ ಇರುತ್ತದೆ. ಸ್ವೆಟರುಗಳು ಅಂದೇ ತಮ್ಮ ತಮ್ಮ ಮನೆ ಸೇರಿದವು. ಮೋಟಾರಿನ ವ್ಯಾಜ್ಯ ಮಧ್ಯಾಹ್ನಕ್ಕೆ ಪುನರಾರಂಭವಾಯಿತು. ಸಂಜೆಯ ಹಾಲಿಗೆ ಸಕ್ಕರೆ ಇರಲಿಲ್ಲ.

ಚಿತ್ರ ಅಚ್ಚು ಹಾಕಿಸಲು ಅಂಗಡಿಗೆ ಹೋದೆ. ನನ್ನನ್ನು ಬಾಗಿಲಲ್ಲಿ ಕಂಡು ಅಂಗಡಿಯವನು ಕೈಯಲ್ಲಿದ್ದುದನ್ನು ಕೆಳಗೆ ಹಾಕಿದ. "ಬಂದ್ರಾ ಸರ್! ವಾಪಸ್ ಬಂದ್ರಾ!" ಎಂದು ನನ್ನ ಎರಡೂ ಕೈ ಹಿಡಿದುಕೊಂಡ. ಈ ಸಲ ನಿಜವನ್ನೇ ಹೇಳಬೇಕೆಂದು ದೇವರ ಮುಂದೆ ಗಟ್ಟಿಮಾಡಿಕೊಂಡು ಹೋಗಿದ್ದೆ.

ದೊಡ್ಡ ಕಾಗದದ ಮೇಲೆ ಚಿತ್ರ ಮೆಲ್ಲಗೆ ಹೊರಬಂತು. ಎತ್ತೆತ್ತಲೂ ಬಿಳಿ ಮೋಡ. ಮೋಡದ ಅಂಚಿನಲ್ಲಿ ಸಾಲಾಗಿ ನಿಂತ ಜನ, ಕಿವಿಯವರೆಗೆ ಟೋಪಿ, ದಪ್ಪ ಕೋಟು, ಮುಖದ ತುಂಬ ಹನಿ. ನಡುವೆ ಬೆಳಕಿನ ಕಂಬ. ಅದರ ಬುಡದಲ್ಲಿ ಕಲ್ಲಿನ ಮೇಲೆ ನಿಂತು ಮುಖ ಎತ್ತಿದ ಒಂದು ಹೆಣ್ಣು ಜೀವ. ಆ ಮುಖ ಎತ್ತಿದ ರೀತಿ ಮಗಳದ್ದೋ ಅವಳ ತಾಯಿಯದ್ದೋ ನನಗೇ ಒಂದು ಕ್ಷಣ ತಿಳಿಯಲಿಲ್ಲ.

ಅಂಗಡಿಯವನು ಬಹಳ ಹೊತ್ತು ನೋಡಿದ. "ಎಷ್ಟು ಜನ ಹತ್ತಿದ್ರಿ ಸರ್?"

"ಇಡೀ ಬೀದಿ ಬಂದಿತ್ತು."

"ನಡುವೆ ಇರೋರು?"

"ನನ್ನ ಮಗಳು. ಅವಳು ನಿಂತಿರೋದು ನನ್ನ ಹೆಂಡತಿ ನಿಲ್ತಾ ಇದ್ದ ಕಲ್ಲು."

"ಅಮ್ಮಾವ್ರೂ ಅಷ್ಟು ಎತ್ತರ ಹೋಗ್ತಿದ್ರಾ?"

ಲಾಂಡ್ರಿ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಚಿತ್ರವನ್ನು ಇನ್ನೊಮ್ಮೆ ನೋಡಿದೆ. "ದಿನಾ ಹೋಗ್ತಿದ್ದಳು," ಎಂದೆ.

ಅವನು ಸ್ಟೂಲು ಹತ್ತಿ ಗೋಡೆಯ ಮೇಲಿದ್ದ ಹಿಮಬೆಟ್ಟವನ್ನು ಬಿಚ್ಚಿದ. ಆ ಜಾಗದಲ್ಲಿ ಇದರದೊಂದು ಪ್ರತಿ ತೂಗುಹಾಕಲು ನನ್ನ ಅಪ್ಪಣೆ ಕೇಳಿದ. ಹಾಕಿದ ಮೇಲೆ ಕೆಳಗೆ ಅಂಟಿಸಲು ಒಂದು ಬಿಳಿ ಪಟ್ಟಿ ಕತ್ತರಿಸಿ, ದಪ್ಪ ಲೇಖನಿ ಹಿಡಿದು ನನ್ನ ಕಡೆ ತಿರುಗಿದ.

"ಎತ್ತರ ಹದಿನಾಲ್ಕು ಸಾವಿರದ ಇನ್ನೂರು ಅಡಿ ಅಂದಿದ್ರಿ, ಅಲ್ವಾ ಸರ್? ಅದನ್ನೇ ಬರೀಲಾ?"

"ಬೇಡಪ್ಪ," ಎಂದೆ. "ಆ ಲೆಕ್ಕ ತಪ್ಪು. ಒಂದು ಚುಕ್ಕೆ ಇಟ್ಟು ಜಾಗ ಖಾಲಿ ಬಿಡು."